ಕೊಂಡು ತಂದ ಕಾವಲು

ನಮ್ಮ ಕರುಳಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾಗಳೆಂದೂ ಕೆಟ್ಟ ಬ್ಯಾಕ್ಟೀರಿಯಾಗಳೆಂದೂ ಎರಡು ಪಕ್ಷಗಳಿವೆಯೆಂತಲೂ, ಒಳ್ಳೆಯ ಪಕ್ಷದ ಬಲ ಕುಗ್ಗಿದಾಗ ರೋಗ ಹುಟ್ಟುವುದೆಂತಲೂ, ಅಂಥ ಸಮಯದಲ್ಲಿ ಔಷಧದಂಗಡಿಯಿಂದ ಪ್ರೊಬಯಾಟಿಕ್ ಎಂಬ ಹೆಸರಿನ ಒಂದಿಷ್ಟು ಒಳ್ಳೆಯವನ್ನು ಕೊಂಡು ತಂದು ನುಂಗಿಬಿಟ್ಟರೆ ಕೆಟ್ಟವು ತಾವಾಗಿಯೇ ಕಾಲ್ತೆಗೆಯುವುವೆಂತಲೂ ಹೇಳುವ ಒಂದು ಮತವು ಈಚಿನ ವರ್ಷಗಳಲ್ಲಿ ನಮ್ಮ ಪೇಟೆ ಪಟ್ಟಣಗಳಲ್ಲಿ ಪ್ರಶ್ನಾತೀತವಾಗಿ ನೆಲೆಗೊಂಡಿದೆ. ಜ್ವರವೆಂದು ವೈದ್ಯರಲ್ಲಿಗೆ ಹೋದವನ ಚೀಟಿಯಲ್ಲಿ ಆಂಟಿಬಯಾಟಿಕ್‌ನ ಕೆಳಗಿನ ಸಾಲಿನಲ್ಲಿ ಅದು ಕಾಣುತ್ತದೆ; ಭೇದಿ ಹತ್ತಿದ ಕೂಸಿನ ತಾಯಿಯ ಕೈಗೆ ಅಂಗಡಿಯವನು ಕೊಡುವ ಪುಟ್ಟ ಪ್ಲಾಸ್ಟಿಕ್ ಸೀಸೆಯಲ್ಲಿ ಅದು ತುಂಬಿರುತ್ತದೆ; ಫ್ರಿಜ್ಜಿನಲ್ಲಿಟ್ಟು ಮಾರುವ ಸಿಹಿ ಪಾನೀಯದ ಜಾಹೀರಾತಿನಲ್ಲಿ ಅದು ನಗುಮೊಗದ ಮಕ್ಕಳ ರೂಪದಲ್ಲಿ ಮೆರೆಯುತ್ತದೆ. ಬರಿಯ ಸುಳ್ಳೆಂದು ಒಂದೇ ಮಾತಿನಲ್ಲಿ ತಳ್ಳಿಹಾಕಬಹುದಾದ ಮತವಾಗಿದ್ದರೆ ಅದರ ಖಂಡನೆಗೆ ಇಷ್ಟು ಕಾಗದ ವ್ಯಯಮಾಡಬೇಕಾಗಿರಲಿಲ್ಲ. ಕರುಳಿನ ಸೂಕ್ಷ್ಮಜೀವಿಗಳು ರೋಗಕಾರಕಗಳಿಂದ ನಮ್ಮನ್ನು ಕಾಯುತ್ತವೆಂಬುದು ನಿಜ. ಆ ನಿಜದ ಬೆನ್ನೇರಿ ಬಂದಿರುವ ವ್ಯಾಪಾರದ ಮಾತು ನಿಜವಲ್ಲ. ಕಾಯುವವು ಯಾವುವು, ಅವು ಹೇಗೆ ಕಾಯುತ್ತವೆ, ಅವುಗಳನ್ನು ದಿನದಿನವೂ ಕೊಲ್ಲುತ್ತಿರುವವರು ಯಾರು ಎಂಬುದನ್ನು ವಿಚಾರಿಸದೆ, ಕಾವಲನ್ನು ಹಣ ಕೊಟ್ಟು ತರಬಹುದೆಂದು ನಂಬುವುದು ವಿಜ್ಞಾನದ ವೇಷ ತೊಟ್ಟ ತಾಯಿತದ ನಂಬಿಕೆಯಲ್ಲದೆ ಬೇರೆಯಲ್ಲ.

ಮೊದಲು ನಿಜವಾದ ಭಾಗವನ್ನೇ ನೋಡೋಣ. ಅದನ್ನು ಸರಿಯಾಗಿ ತಿಳಿದವನಿಗೆ ಉಳಿದುದರ ಪೊಳ್ಳು ತಾನಾಗಿ ಗೋಚರವಾಗುತ್ತದೆ. 1954ರಲ್ಲಿ ಶಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಮಾರ್ಜೊರಿ ಬಾನ್‌ಹಾಫ್, ಫಿಲಿಪ್ ಮಿಲ್ಲರ್ ಮತ್ತು ಅವರ ಸಂಗಡಿಗರು ಇಲಿಗಳ ಮೇಲೆ ನಡೆಸಿದ ಒಂದು ಪರೀಕ್ಷೆ ಈ ಶಾಸ್ತ್ರಕ್ಕೆ ಅಸ್ತಿಭಾರದಂತಿದೆ. ಆರೋಗ್ಯವಾಗಿರುವ ಇಲಿಗೆ ಸಾಲ್ಮೊನೆಲ್ಲಾ ಎಂಬ ರೋಗಕಾರಕವನ್ನು ಬಾಯಿಯ ಮೂಲಕ ಕೊಟ್ಟು ಸೋಂಕು ತಗುಲಿಸಬೇಕಾದರೆ ಸುಮಾರು ಒಂದು ಲಕ್ಷ ಜೀವಕೋಶಗಳು ಬೇಕಾಗುತ್ತಿದ್ದವು. ಅಷ್ಟೊಂದು ಒಮ್ಮೆಗೇ ಒಳಹೊಕ್ಕರೂ ಇಲಿಗಳಲ್ಲಿ ಅರ್ಧದಷ್ಟು ಸೋಂಕಿಲ್ಲದೆ ಪಾರಾಗುತ್ತಿದ್ದವು. ಅಂಥವೇ ಇಲಿಗಳಿಗೆ ಮುಂಚಿತವಾಗಿ ಸ್ಟ್ರೆಪ್ಟೊಮೈಸಿನ್ ಎಂಬ ಆಂಟಿಬಯಾಟಿಕ್ ಅನ್ನು ಒಂದೇ ಒಂದು ಸಲ ಕುಡಿಸಿ, ಆಮೇಲೆ ಆ ಔಷಧಕ್ಕೆ ಜಗ್ಗದ ಸಾಲ್ಮೊನೆಲ್ಲಾವನ್ನು ಕೊಟ್ಟಾಗ ಹತ್ತಕ್ಕಿಂತ ಕಡಿಮೆ ಜೀವಕೋಶಗಳೇ ಸಾಕಾದವು. ಲಕ್ಷವೆಲ್ಲಿ, ಹತ್ತೆಲ್ಲಿ! ರೋಗಕಾರಕದ ಬಲವೇನೂ ಹೆಚ್ಚಿರಲಿಲ್ಲ. ಇಲಿಯ ಮೈಯೇನೂ ಬೇರೆಯಾಗಿರಲಿಲ್ಲ. ಇಲ್ಲವಾಗಿದ್ದುದು ಕರುಳಿನಲ್ಲಿ ತಲೆತಲಾಂತರದಿಂದ ನೆಲಸಿದ್ದ ನಿವಾಸಿ ಬ್ಯಾಕ್ಟೀರಿಯಾಗಳು ಮಾತ್ರ. ಹೊರಗಿನಿಂದ ಯಾವ ಪ್ರೊಬಯಾಟಿಕ್ಕನ್ನೂ ಕೊಡದೆ, ಇದ್ದುದನ್ನು ಇದ್ದಂತೆ ಬಿಟ್ಟರೆ ಸಾಕು, ಹತ್ತು ಸಾವಿರ ಪಟ್ಟು ರಕ್ಷಣೆ ಇಲಿಗೆ ಸಹಜವಾಗಿಯೇ ದತ್ತವಾಗಿತ್ತು. ಈ ಪರೀಕ್ಷೆಯಿಂದ ಯಾವನಾದರೂ ವಿವೇಕಿ ಕಲಿಯತಕ್ಕ ಮೊದಲ ಪಾಠವೆಂದರೆ ಆಂಟಿಬಯಾಟಿಕ್‌ಗೆ ಕೈಹಾಕುವ ಮುನ್ನ ಹತ್ತು ಸಲ ಆಲೋಚಿಸಬೇಕೆಂಬುದು. ನಮ್ಮ ಕಾಲದವರು ಕಲಿತದ್ದೋ, ಆಂಟಿಬಯಾಟಿಕ್‌ನ ಜೊತೆಗೆ ಇನ್ನೊಂದು ಮಾತ್ರೆಯನ್ನೂ ಮಾರಬಹುದೆಂಬುದು.

ಈ ಸಹಜ ಕಾವಲು ನಡೆಯುವ ಬಗೆಯನ್ನು ತುಸು ಹತ್ತಿರದಿಂದ ನೋಡಿದರೆ ಅದನ್ನು ಸೀಸೆಯಲ್ಲಿ ತುಂಬುವುದು ಏಕೆ ಸುಲಭವಲ್ಲವೆಂಬುದು ಅರ್ಥವಾಗುತ್ತದೆ. ನಾವು ಅರಗಿಸಲಾರದ ಕಾಳುಬೇಳೆಯ, ಸೊಪ್ಪಿನ, ಸಿಪ್ಪೆಯ ನಾರು ದೊಡ್ಡ ಕರುಳನ್ನು ಮುಟ್ಟಿದಾಗ ಅಲ್ಲಿನ ನೂರಾರು ಜಾತಿಯ ಬ್ಯಾಕ್ಟೀರಿಯಾಗಳು ಅದನ್ನು ಹಂಚಿಕೊಂಡು ಹುಳಿಸುತ್ತವೆ. ಒಂದರ ಎಂಜಲು ಮತ್ತೊಂದರ ಆಹಾರ. ಹೀಗೆ ಕೊನೆಯ ಕಣದವರೆಗೂ ಉಂಡು ಮುಗಿಸಿದ ಪಂಕ್ತಿಯಲ್ಲಿ ಹೊಸಬನಿಗೆ ಎಲೆಯೇ ಇರುವುದಿಲ್ಲ. ಹುಳಿಸುವಾಗ ಹುಟ್ಟುವ ಅಸಿಟಿಕ್, ಪ್ರೊಪಿಯೋನಿಕ್, ಬ್ಯುಟಿರಿಕ್ ಆಮ್ಲಗಳಲ್ಲಿ ಕೊನೆಯದನ್ನು ಕರುಳಿನ ಭಿತ್ತಿಯ ಕೋಶಗಳು ಉರುವಲಾಗಿ ಬಳಸುತ್ತವೆ. ಆ ಉರುವಲನ್ನು ಉರಿಸಲು ರಕ್ತದಿಂದ ಬಂದ ಆಮ್ಲಜನಕವನ್ನೆಲ್ಲ ವ್ಯಯಿಸಿ, ಕರುಳಿನ ಒಳಗೆ ಅದು ಸೋರದಂತೆ ಮಾಡುತ್ತವೆ. ಆಮ್ಲಜನಕ ದೊರೆತರೆ ಹುಲುಸಾಗಿ ಹಬ್ಬುವ ಸಾಲ್ಮೊನೆಲ್ಲಾದಂಥ ಜೀವಿಗಳಿಗೆ ಇದರಿಂದ ಉಸಿರು ಕಟ್ಟುತ್ತದೆ. ಇನ್ನು ಪಿತ್ತರಸದ ವಿಚಾರ. ಯಕೃತ್ತಿನಿಂದ ಬರುವ ಪಿತ್ತದ ಆಮ್ಲಗಳನ್ನು ಕ್ಲಾಸ್ಟ್ರಿಡಿಯಂ ಸಿಂಡೆನ್ಸ್ ಎಂಬ ನಿವಾಸಿ ಬ್ಯಾಕ್ಟೀರಿಯಾ ಮಾರ್ಪಡಿಸುತ್ತದೆಯೆಂದೂ, ಹಾಗೆ ಮಾರ್ಪಟ್ಟ ಆಮ್ಲಗಳು ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಘೋರ ಭೇದಿಕಾರಕವನ್ನು ತಲೆಯೆತ್ತಗೊಡುವುದಿಲ್ಲವೆಂದೂ 2015ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಈ ಸಿಂಡೆನ್ಸ್ ಆಗಲಿ, ಬ್ಯುಟಿರಿಕ್ ಆಮ್ಲವನ್ನು ಧಾರಾಳವಾಗಿ ತಯಾರಿಸುವ ಅದರ ಬಂಧುಗಳಾಗಲಿ ಗಾಳಿ ಸೋಕಿದರೆ ಸಾಯುವಂಥವು. ನಮ್ಮ ಬೀದಿಯ ಅಂಗಡಿಯ ಮಾತ್ರೆಗಳಲ್ಲಿ ಅವು ಸಾಮಾನ್ಯವಾಗಿ ದೊರೆಯುವುದಿಲ್ಲ. ದೊರೆಯುವವು ತಯಾರಿಕೆಗೆ ಸುಲಭವಾದವು, ಗಾಳಿ ಬಿಸಿಲುಗಳನ್ನು ತಾಳಿ ಡಬ್ಬಿಯಲ್ಲಿ ವರ್ಷಗಟ್ಟಲೆ ಕುಳಿತಿರಬಲ್ಲವು. ಕಾಯುವುದಕ್ಕೆ ಯೋಗ್ಯವಾದುದಕ್ಕಿಂತ ಮಾರುವುದಕ್ಕೆ ಯೋಗ್ಯವಾದುದು ಇಲ್ಲಿ ಆಯ್ಕೆಯಾಗಿದೆ.

ಈ ಭ್ರಾಂತಿಯ ಮೂಲಪುರುಷನೊಬ್ಬನಿದ್ದಾನೆ, ಆತ ಸಾಮಾನ್ಯನಲ್ಲ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಇಲ್ಯಾ ಮೆಚ್ನಿಕಾಫ್, ದೇಹದ ಕೆಲವು ಕೋಶಗಳು ಹೊರಗಿನ ಸೂಕ್ಷ್ಮಜೀವಿಗಳನ್ನು ನುಂಗಿ ಹಾಕುವುದನ್ನು ಕಂಡುಹಿಡಿದು 1908ರ ನೊಬೆಲ್ ಪಾರಿತೋಷಕವನ್ನು ಪಾಲ್ ಎರ್ಲಿಕ್‌ನೊಡನೆ ಹಂಚಿಕೊಂಡ ಮಹಾಶಯ. ದೊಡ್ಡ ಕರುಳಿನಲ್ಲಿ ಆಹಾರ ಕೊಳೆತು ಹುಟ್ಟುವ ವಿಷಗಳೇ ಮುಪ್ಪಿಗೆ ಕಾರಣವೆಂದು ಆತ ತರ್ಕಿಸಿದ. ಬಲ್ಗೇರಿಯಾದ ರೈತರು ಹುಳಿಹಾಲು ಕುಡಿದು ದೀರ್ಘಕಾಲ ಬಾಳುತ್ತಾರೆಂದು ಕೇಳಿದ. ಹಾಲನ್ನು ಕೊಳೆಯದಂತೆ ಕಾಪಾಡುವ ಬ್ಯಾಕ್ಟೀರಿಯಾ ಕರುಳನ್ನೂ ಕೊಳೆಯದಂತೆ ಕಾಪಾಡಲೇಬೇಕೆಂದು ತೀರ್ಮಾನಿಸಿದ. ಹಾಲಿಗೆ ಹೆಪ್ಪು ಹಾಕಿದ ರಾತ್ರಿ ನಮ್ಮ ಅಡುಗೆಮನೆಯ ಪಾತ್ರೆಯಲ್ಲಿ ನಡೆಯುವುದು ಅದೇ: ಉಗುರುಬೆಚ್ಚಗಿನ ಹಾಲಿನಲ್ಲಿ ಹೆಪ್ಪಿನ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತ ಹೋಗಿ, ಹುಳಿ ಹೆಚ್ಚಿದಂತೆ ಇಳಿಯುವ ಪಿಎಚ್ ಅಳತೆ 6.6ರ ಆಸುಪಾಸಿನಿಂದ 4.6ಕ್ಕೆ ಇಳಿದಾಗ ಹಾಲು ಗಟ್ಟಿಯಾಗುತ್ತದೆ, ಅಷ್ಟು ಹುಳಿಯಲ್ಲಿ ಕೊಳೆಸುವ ಜೀವಿಗಳು ಬಾಳಲಾರವು. ಆದರೆ ಪಾತ್ರೆಯಲ್ಲಿ ಹೆಪ್ಪಿಗೆ ಎದುರಾಳಿಯೇ ಇರಲಿಲ್ಲ. ಕಾಯಿಸಿದ ಹಾಲು ಬಹುಮಟ್ಟಿಗೆ ನಿರ್ಜನ ಪ್ರದೇಶ. ಕರುಳು ನಿರ್ಜನವಲ್ಲ. ಪಾತ್ರೆಯಿಂದ ಕರುಳಿಗೆ ಮಾಡಿದ ಈ ಹಾರಿಕೆಯ ಅನುಮಾನವನ್ನು 1920ರ ದಶಕದ ಆರಂಭದಲ್ಲಿಯೇ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಲಿಯೋ ರೆಟ್ಗರ್ ಪರೀಕ್ಷಿಸಿ, ಬಲ್ಗೇರಿಯಾದ ಆ ಬ್ಯಾಕ್ಟೀರಿಯಾ ಕರುಳಿನಲ್ಲಿ ನೆಲೆಯೂರುವುದೇ ಇಲ್ಲವೆಂದು ತೋರಿಸಿಕೊಟ್ಟ. ಪ್ರತಿದಿನವೂ ಹುಳಿಹಾಲು ಕುಡಿಯುತ್ತಿದ್ದ ಮೆಚ್ನಿಕಾಫ್ 1916ರಲ್ಲಿ, ತನ್ನ 71ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದ. ಇದನ್ನು ಕುಹಕಕ್ಕಾಗಿ ಹೇಳುತ್ತಿಲ್ಲ. ಒಬ್ಬನ ಆಯುಸ್ಸಿನಿಂದ ಯಾವ ಸಿದ್ಧಾಂತವೂ ಸಿದ್ಧವಾಗದು, ಬೀಳದು. ಆದರೂ ನೂರು ವರ್ಷಗಳ ಹಿಂದೆ ಸಂದೇಹಕ್ಕೆ ಗುರಿಯಾದ ತರ್ಕವನ್ನು ಇಂದಿನ ಜಾಹೀರಾತುಗಳು ಹೊಸ ಶೋಧವೆಂಬಂತೆ ಸಾರುವುದನ್ನು ಕಂಡರೆ ನಗು ತಡೆಯುವುದು ಕಷ್ಟ.

ಸಂಖ್ಯೆಯ ಆಡಂಬರವನ್ನೂ ಒಂದಿಷ್ಟು ತೂಗಿ ನೋಡತಕ್ಕದ್ದು. ಭೇದಿಗೆಂದು ಕೊಡುವ 5 ಮಿಲಿಲೀಟರಿನ ಸೀಸೆಯ ಮೇಲೆ 200 ಕೋಟಿ ಬೀಜಾಣುಗಳೆಂದು ಅಚ್ಚುಹಾಕಿರುತ್ತಾರೆ. ಓದಿದವನಿಗೆ ಇಷ್ಟು ದೊಡ್ಡ ಪಡೆಯ ಮುಂದೆ ಯಾವ ರೋಗ ನಿಂತೀತೆಂದು ಧೈರ್ಯ ಬರುತ್ತದೆ. ಆದರೆ ಒಬ್ಬ ವಯಸ್ಕನ ದೇಹದಲ್ಲಿ, ಮುಖ್ಯವಾಗಿ ದೊಡ್ಡ ಕರುಳಿನಲ್ಲಿ, ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆಯೆಂದು 2016ರ ಒಂದು ಪ್ರಸಿದ್ಧ ಗಣನೆ ಹೇಳುತ್ತದೆ. ಭಾಗಿಸಿ ನೋಡಿ: ಸೀಸೆಯ ಒಂದಕ್ಕೆ ಒಳಗಿನವು ಹತ್ತೊಂಬತ್ತು ಸಾವಿರ. ಜಠರದ ಆಮ್ಲವನ್ನೂ ಪಿತ್ತವನ್ನೂ ದಾಟಿ ಜೀವಂತವಾಗಿ ಕೆಳಗಿಳಿದರೂ ಈ ಆಗಂತುಕರಿಗೆ ಒಳಗೆ ಬಿಡಾರ ಸಿಗುವುದು ಎಲ್ಲರಲ್ಲಿಯೂ ಸಮಾನವಲ್ಲ. ಇಸ್ರೇಲಿನ ವೈಜ಼್‌ಮನ್ ಸಂಸ್ಥೆಯವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಲವನ್ನು ಪರೀಕ್ಷಿಸಿ ಸುಮ್ಮನಾಗದೆ, ಕೊಳವೆಯಿಳಿಸಿ ಕರುಳಿನ ಭಿತ್ತಿಯಿಂದಲೇ ಮಾದರಿಗಳನ್ನು ತೆಗೆದು ನೋಡಿದಾಗ, ಕೆಲವರಲ್ಲಿ ಪ್ರೊಬಯಾಟಿಕ್ ಒಂದಿಷ್ಟು ಕಾಲ ಅಂಟಿಕೊಂಡಿತ್ತು, ಮತ್ತೆ ಕೆಲವರಲ್ಲಿ ನಿವಾಸಿಗಳು ಅದನ್ನು ಹೊಸ್ತಿಲಿನಾಚೆಗೇ ತಳ್ಳಿದ್ದವು. ರೋಗಕಾರಕವನ್ನು ತಡೆಯುವ ಬಾಗಿಲೇ ಪ್ರೊಬಯಾಟಿಕ್ಕನ್ನೂ ತಡೆಯುತ್ತದೆ. ಆರೋಗ್ಯವಂತನಿಗೆ ಈ ಮಾತ್ರೆ ಅನವಶ್ಯಕವೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕೆ?

‘ಒಳ್ಳೆಯ’, ‘ಕೆಟ್ಟ’ ಎಂಬ ವಿಭಾಗವೂ ನಿಲ್ಲತಕ್ಕದ್ದಲ್ಲ. ಹುಟ್ಟಿನ ಹೆಸರಿನಿಂದ ಗುಣವನ್ನು ನಿರ್ಧರಿಸುವ ರೋಗ ಮನುಷ್ಯರ ವಿಷಯದಲ್ಲಿ ನಮ್ಮನ್ನು ಎಷ್ಟು ಕಾಡಿದೆಯೋ ಬ್ಯಾಕ್ಟೀರಿಯಾಗಳ ವಿಷಯದಲ್ಲಿಯೂ ಅಷ್ಟೇ ಕಾಡುತ್ತಿದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ, ಜರ್ಮನಿಯ ಫ್ರೈಬರ್ಗಿನ ವೈದ್ಯ ಆಲ್ಫ್ರೆಡ್ ನಿಸ್ಲೆ, ಸಂಗಾತಿಗಳೆಲ್ಲ ಆಮಶಂಕೆಯಿಂದ ನರಳುತ್ತಿದ್ದಾಗಲೂ ಏನೂ ಆಗದೆ ಉಳಿದ ಒಬ್ಬ ಸಿಪಾಯಿಯ ಮಲದಿಂದ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದ. ಅದು ಇಂದಿಗೂ ಔಷಧವಾಗಿ ಬಳಕೆಯಲ್ಲಿದೆ. ಆ ರಕ್ಷಕನ ಜಾತಿ ಇ. ಕೋಲಿ. ರಕ್ತಭೇದಿಯನ್ನುಂಟುಮಾಡಿ ಮಕ್ಕಳ ಮೂತ್ರಪಿಂಡವನ್ನು ಕೆಡಿಸುವ ಒ157 ಎಂಬ ಘಾತುಕನ ಜಾತಿಯೂ ಇ. ಕೋಲಿಯೇ. ಅಷ್ಟೇ ಅಲ್ಲ, ನಿಸ್ಲೆಯ ರಕ್ಷಕನೇ ಡಿಎನ್‌ಎಗೆ ಹಾನಿಮಾಡಬಲ್ಲ ಒಂದು ವಸ್ತುವನ್ನು ತಯಾರಿಸುವ ವಂಶವಾಹಿಗಳನ್ನು ಹೊತ್ತಿರುವುದು ಆಮೇಲೆ ಬೆಳಕಿಗೆ ಬಂದಿತು. ಜಾತಿಯ ಹೆಸರು ಏನನ್ನೂ ಹೇಳದು, ಹೇಳುವುದು ತಳಿ. ಐರ್ಲೆಂಡಿನ ಕಾರ್ಕ್ ನಗರದ ಸಂಶೋಧಕರು 2007ರಲ್ಲಿ ಲ್ಯಾಕ್ಟೊಬ್ಯಾಸಿಲಸ್ ಸಲಿವೇರಿಯಸ್‌ನ ಒಂದು ತಳಿ ಲಿಸ್ಟೀರಿಯಾ ಸೋಂಕಿನಿಂದ ಇಲಿಗಳನ್ನು ಕಾಪಾಡುವುದನ್ನು ತೋರಿಸಿದರಷ್ಟೆ. ಅದೇ ತಳಿಯಲ್ಲಿ ವೈರಿಯನ್ನು ಕೊಲ್ಲುವ ಒಂದೇ ಒಂದು ಪ್ರೋಟೀನನ್ನು ತಯಾರಿಸುವ ಶಕ್ತಿಯನ್ನು ತೆಗೆದುಹಾಕಿದಾಗ ಆ ರಕ್ಷಣೆಯೂ ಹೋಯಿತು. 2011ರಲ್ಲಿ ಜಪಾನಿನ ವಿಜ್ಞಾನಿಗಳು ಒ157ರ ವಿಷದಿಂದ ಇಲಿಗಳನ್ನು ಉಳಿಸಿದ ಬೈಫಿಡೊಬ್ಯಾಕ್ಟೀರಿಯಂ ತಳಿಗಳನ್ನು ಉಳಿಸಲಾರದ ತಳಿಗಳೊಡನೆ ಹೋಲಿಸಿ, ವ್ಯತ್ಯಾಸವಿರುವುದು ಅಸಿಟಿಕ್ ಆಮ್ಲವನ್ನು ಹೆಚ್ಚಾಗಿ ತಯಾರಿಸುವ ಸಾಮರ್ಥ್ಯದಲ್ಲಿ ಎಂದು ಕಂಡರು. ಇಷ್ಟು ಸೂಕ್ಷ್ಮವಾದ ವಿಷಯದಲ್ಲಿ ‘ಲ್ಯಾಕ್ಟಿಕ್ ಆಸಿಡ್ ಬ್ಯಾಸಿಲಸ್’ ಎಂದಷ್ಟೇ ಅಚ್ಚುಹಾಕಿದ ಪಟ್ಟಿಯನ್ನು ಔಷಧವೆಂದು ಕರೆಯುವುದು ಯಾವ ಶಾಸ್ತ್ರ?

ಆದರೂ, ಫಲವಿದ್ದರೆ ಕಾರಣವನ್ನು ವಿಚಾರಿಸುವ ಗೋಜೇಕೆ ಎಂದು ಕೇಳುವವರುಂಟು. ನ್ಯಾಯವಾದ ಪ್ರಶ್ನೆ. 2018ರಲ್ಲಿ ಅಮೆರಿಕದ ಹತ್ತು ಮಕ್ಕಳ ತುರ್ತು ಚಿಕಿತ್ಸಾಲಯಗಳಲ್ಲಿ ವಾಂತಿಭೇದಿಯಿಂದ ಬಂದ 971 ಮಕ್ಕಳಿಗೆ, ಯಾರಿಗೆ ಯಾವುದೆಂದು ತಿಳಿಯದಂತೆ, ಅತ್ಯಂತ ಹೆಸರುವಾಸಿಯಾದ ಪ್ರೊಬಯಾಟಿಕ್ ತಳಿಯೊಂದನ್ನೋ ಹುಸಿಮದ್ದನ್ನೋ ಐದು ದಿನ ಕೊಟ್ಟು ನೋಡಿದರು. ಮದ್ದು ತೆಗೆದುಕೊಂಡವರಲ್ಲಿ ಶೇಕಡ 11.8 ಮಕ್ಕಳಿಗೂ, ಹುಸಿಮದ್ದಿನವರಲ್ಲಿ ಶೇಕಡ 12.6 ಮಕ್ಕಳಿಗೂ ಕಾಯಿಲೆ ಉಲ್ಬಣಿಸಿತು. ಸಂಖ್ಯಾಶಾಸ್ತ್ರದ ದೃಷ್ಟಿಯಲ್ಲಿ ಇವೆರಡಕ್ಕೂ ಭೇದವಿಲ್ಲ. ಅದೇ ವರ್ಷ ಕೆನಡಾದಲ್ಲಿ 886 ಮಕ್ಕಳ ಮೇಲೆ ಬೇರೆ ತಳಿಗಳಿಂದ ನಡೆಸಿದ ಪರೀಕ್ಷೆಯಲ್ಲಿ 26.1ಕ್ಕೆ 24.7, ಅದೂ ಹುಸಿಮದ್ದಿನ ಕಡೆಗೇ ತುಸು ವಾಲಿದಂತೆ. ಅದಕ್ಕೂ ಐದು ವರ್ಷ ಮೊದಲು, ಇಂಗ್ಲೆಂಡ್ ಮತ್ತು ವೇಲ್ಸ್‌ನ ಆಸ್ಪತ್ರೆಗಳಲ್ಲಿ ಆಂಟಿಬಯಾಟಿಕ್ ಸೇವಿಸುತ್ತಿದ್ದ 65 ದಾಟಿದ ಸುಮಾರು ಮೂರು ಸಾವಿರ ವೃದ್ಧರಲ್ಲಿ ಭೇದಿ ಹತ್ತಿದವರು ಮದ್ದಿನ ಕಡೆ ಶೇಕಡ 10.8, ಹುಸಿಮದ್ದಿನ ಕಡೆ 10.4. ವೈದ್ಯರು ದಿನಂಪ್ರತಿ ಚೀಟಿ ಬರೆಯುವ ಎರಡು ಮುಖ್ಯ ಸಂದರ್ಭಗಳು ಇವೇ: ಮಗುವಿನ ಭೇದಿ, ಆಂಟಿಬಯಾಟಿಕ್‌ನ ಭೇದಿ.

ವಿರುದ್ಧ ಪಕ್ಷದವರಲ್ಲಿ ಬಲವಾದ ಸಾಕ್ಷ್ಯವೇ ಇಲ್ಲವೆಂದರೆ ಅದು ಅನ್ಯಾಯದ ಮಾತಾದೀತು. ಅವರ ಅತ್ಯುತ್ತಮ ಸಾಕ್ಷ್ಯ ನಮ್ಮ ದೇಶದ್ದೇ. ಒಡಿಶಾದ 149 ಹಳ್ಳಿಗಳಲ್ಲಿ ಹುಟ್ಟಿದ 4556 ಶಿಶುಗಳಿಗೆ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ನಿರ್ದಿಷ್ಟ ತಳಿಯನ್ನು, ಅದರ ಆಹಾರವಾದ ಒಂದು ಬಗೆಯ ಸಕ್ಕರೆಯೊಡನೆ, ಏಳು ದಿನ ಕೊಟ್ಟು, ಅರವತ್ತು ದಿನ ಕಾದು ನೋಡಿದರು. ನಂಜು ಮತ್ತು ಸಾವು ಹುಸಿಮದ್ದಿನವರಲ್ಲಿ ಶೇಕಡ 9 ಇದ್ದದ್ದು ಮದ್ದಿನವರಲ್ಲಿ 5.4ಕ್ಕೆ ಇಳಿಯಿತು. ಪಿನಾಕಿ ಪಾಣಿಗ್ರಾಹಿ ಮತ್ತವರ ಸಂಗಡಿಗರು 2017ರಲ್ಲಿ ಪ್ರಕಟಿಸಿದ ಈ ಕೃತಿಗೆ ನಾನು ತಲೆಬಾಗುತ್ತೇನೆ. ಆದರೆ ಅದು ಸಮರ್ಥಿಸುವುದು ಯಾವ ಪಕ್ಷವನ್ನು? ಇನ್ನೂರೆಂಬತ್ತಕ್ಕೂ ಮಿಕ್ಕಿದ ತಳಿಗಳನ್ನು ಜರಡಿಯಾಡಿ ಅವರು ಒಂದನ್ನು ಆರಿಸಿದರು. ಅದು ಹಸುಗೂಸಿನ ಕರುಳಿನಲ್ಲಿ ನೆಲೆಯೂರುವುದನ್ನು ಮೊದಲು ದೃಢಪಡಿಸಿಕೊಂಡರು. ಆ ಕರುಳಾದರೋ ಇನ್ನೂ ನಿವಾಸಿಗಳು ತುಂಬದ, ಪ್ರವೇಶಕ್ಕೆ ತೆರೆದ ಕರುಳು. ಮಕ್ಕಳೆಲ್ಲ ತಾಯಿಯ ಹಾಲು ಕುಡಿಯುತ್ತಿದ್ದವರು. ಇಷ್ಟೆಲ್ಲ ನಿಯಮಗಳೊಡನೆ ದೊರೆತ ಜಯವನ್ನು ತನ್ನದೆಂದು ಹೇಳಿಕೊಳ್ಳಲು ಬೇರೆ ತಳಿಯ, ಬೇರೆ ವಯಸ್ಸಿನ, ಬೇರೆ ಕಾಯಿಲೆಯ ಸೀಸೆಗೆ ಏನು ಹಕ್ಕಿದೆ? ಕೋಲ್ಕತ್ತದ ಕೊಳೆಗೇರಿಗಳಲ್ಲಿ ಒಂದರಿಂದ ಐದು ವರ್ಷದ 3758 ಮಕ್ಕಳಿಗೆ ಹನ್ನೆರಡು ವಾರ ಪ್ರತಿದಿನವೂ ಪ್ರೊಬಯಾಟಿಕ್ ಪಾನೀಯ ಕುಡಿಸಿ ನೋಡಿದ, 2011ರಲ್ಲಿ ಪ್ರಕಟವಾದ ಅಧ್ಯಯನವೂ ಇದೆ. ಪಾನೀಯ ಕುಡಿದವರಲ್ಲಿ 608 ಮಕ್ಕಳಿಗೆ, ಕುಡಿಯದವರಲ್ಲಿ 674 ಮಕ್ಕಳಿಗೆ ಭೇದಿಯಾಯಿತು. ರಕ್ಷಣೆ ಶೇಕಡ 14. ಲಾಭವಿಲ್ಲವೆಂದಲ್ಲ. ಆದರೆ ಕೊಳೆಗೇರಿಯ ಕುಟುಂಬ ಪ್ರತಿ ಮಗುವಿಗೆ ಪ್ರತಿದಿನ ಒಂದೊಂದು ಸೀಸೆಯನ್ನು ಕೊಂಡು ಪಡೆಯಬೇಕಾದ ಈ ಹದಿನಾಲ್ಕನ್ನು ಮುಂದಿಟ್ಟು, ಚರಂಡಿಯ ಪಕ್ಕದ ನಲ್ಲಿಯನ್ನು ಮರೆಸುವುದಾದರೆ ಆ ಲಾಭ ಯಾರಿಗೆ ಸೇರಿತೆಂದು ಕೇಳಬೇಕಾಗುತ್ತದೆ. ಆಸ್ಪತ್ರೆಯಲ್ಲಿ ಡಿಫಿಸಿಲ್ ಭೇದಿಯ ಅಪಾಯ ಹೆಚ್ಚಾಗಿರುವ ರೋಗಿಗಳಿಗೆ ಪ್ರೊಬಯಾಟಿಕ್ ನೆರವಾಗುವುದೆಂದು ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿದ ವಿಮರ್ಶೆಗಳು ಹೇಳುತ್ತವೆ, ಅದನ್ನೂ ಒಪ್ಪೋಣ. ಅಪಾಯ ಕಡಿಮೆಯಿರುವವರಲ್ಲಿ ಆ ನೆರವು ಕಾಣುವುದಿಲ್ಲವೆಂಬ ಅವುಗಳ ಮುಂದಿನ ಸಾಲನ್ನು ಮಾತ್ರ ಮಾರಾಟಗಾರರು ಓದುವುದಿಲ್ಲ.

‘ಹೋಗಲಿ, ಗುಣವಾಗದಿದ್ದರೂ ಕೆಡುಕಂತೂ ಇಲ್ಲವಲ್ಲ’ ಎಂಬುದು ಕೊನೆಯ ಆಶ್ರಯ. ನೆದರ್ಲೆಂಡಿನ ಹದಿನೈದು ಆಸ್ಪತ್ರೆಗಳ ವೈದ್ಯರೂ ಹಾಗೆಯೇ ಭಾವಿಸಿದ್ದರು. ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತದಿಂದ ಮಲಗಿದ್ದವರಿಗೆ ಕರುಳಿನಿಂದ ಸೋಂಕು ಹರಡದಿರಲೆಂದು ಆರು ತಳಿಗಳ ಮಿಶ್ರಣವನ್ನು ಮೂಗಿನ ಕೊಳವೆಯಿಂದ ಕರುಳಿಗಿಳಿಸಿದರು. 2008ರಲ್ಲಿ ಫಲ ಪ್ರಕಟವಾಯಿತು: ಮಿಶ್ರಣ ಪಡೆದ 152 ಮಂದಿಯಲ್ಲಿ 24 ಸಾವು; ಪಡೆಯದ 144ರಲ್ಲಿ 9. ರಕ್ತ ಸಾಲದೆ ಕರುಳು ಸತ್ತುಹೋದ ಒಂಬತ್ತು ರೋಗಿಗಳೂ ಪ್ರೊಬಯಾಟಿಕ್ ಪಡೆದವರೇ. 2023ರಲ್ಲಿ ಅವಧಿಗೆ ಮುನ್ನ ಹುಟ್ಟಿದ ಒಂದು ಶಿಶುವಿನ ರಕ್ತದಲ್ಲಿ ಅದಕ್ಕೆ ಕೊಟ್ಟ ಪ್ರೊಬಯಾಟಿಕ್ ಬ್ಯಾಕ್ಟೀರಿಯಾವೇ ಬೆಳೆದು ಶಿಶು ತೀರಿಕೊಂಡಾಗ ಅಮೆರಿಕದ ಔಷಧ ನಿಯಂತ್ರಕರು ವೈದ್ಯರೆಲ್ಲರಿಗೂ ಎಚ್ಚರಿಕೆ ಕೊಡಬೇಕಾಯಿತು. ಆರೋಗ್ಯವಂತರಿಗೆ ಇಂಥದು ಸಂಭವಿಸುವುದು ವಿರಳಾತಿವಿರಳ, ನಿಜ. ಆದರೆ ಜೀವಂತವಾದುದನ್ನು ಕೊಡುವಾಗ ಅದು ಬದುಕುವುದೆಂಬುದನ್ನು ಕೊಡುವವರು ಮರೆಯಬಾರದು.

ಆರೋಗ್ಯವಂತರಲ್ಲಿಯೂ ಕೆಡುಕು ಇನ್ನೊಂದು ರೂಪದಲ್ಲಿ ಕಾಣಿಸಿತು. ವೈಜ಼್‌ಮನ್ ಸಂಸ್ಥೆಯ ಅದೇ ತಂಡ ಇಪ್ಪತ್ತೊಂದು ಸ್ವಯಂಸೇವಕರಿಗೆ ಆಂಟಿಬಯಾಟಿಕ್ ಕೊಟ್ಟು, ಆಮೇಲೆ ಮೂರು ಗುಂಪು ಮಾಡಿತು. ಒಂದು ಗುಂಪನ್ನು ಹಾಗೆಯೇ ಬಿಟ್ಟರು. ಇನ್ನೊಂದಕ್ಕೆ ಹನ್ನೊಂದು ತಳಿಗಳ ಪ್ರೊಬಯಾಟಿಕ್ ಕೊಟ್ಟರು. ಮೂರನೆಯದಕ್ಕೆ, ಓದುಗರು ಮೂಗು ಮುರಿಯದಿರಲಿ, ಔಷಧಕ್ಕೆ ಮುನ್ನ ತೆಗೆದಿಟ್ಟಿದ್ದ ಅವರವರ ಮಲದ ಸೂಕ್ಷ್ಮಜೀವಿಗಳನ್ನೇ ಮರಳಿ ಕರುಳಿಗೆ ಸೇರಿಸಿದರು. ಮೂರನೆಯ ಗುಂಪಿನ ಕರುಳು ಕೆಲವೇ ದಿನಗಳಲ್ಲಿ ಮುಂಚಿನಂತಾಯಿತು. ಹಾಗೆಯೇ ಬಿಟ್ಟವರದು ಕೆಲವು ವಾರಗಳಲ್ಲಿ ಬಹುಮಟ್ಟಿಗೆ ಚೇತರಿಸಿಕೊಂಡಿತು. ಎಲ್ಲಕ್ಕಿಂತ ಹಿಂದೆ ಬಿದ್ದದ್ದು, ತಿಂಗಳುಗಳು ಕಳೆದರೂ ಪೂರ್ವಸ್ಥಿತಿಗೆ ಬಾರದಿದ್ದುದು, ಪ್ರೊಬಯಾಟಿಕ್ ನುಂಗಿದವರ ಕರುಳು. ಚಿಕ್ಕ ಅಧ್ಯಯನವಾದುದರಿಂದ ಅದೊಂದನ್ನೇ ನಂಬಿ ಮಹಲು ಕಟ್ಟಲಾಗದು. ಆದರೆ 2013ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ, ಮರಳಿ ಮರಳಿ ಬರುತ್ತಿದ್ದ ಡಿಫಿಸಿಲ್ ಭೇದಿಗೆ ಆರೋಗ್ಯವಂತರ ಮಲದ ಸೂಕ್ಷ್ಮಜೀವಿ ಸಮೂಹವನ್ನು ಇಡಿಯಾಗಿ ಕೊಟ್ಟಾಗ ಹದಿನಾರು ರೋಗಿಗಳಲ್ಲಿ ಹದಿಮೂವರು ಮೊದಲ ಸಲಕ್ಕೇ ಗುಣಹೊಂದಿದ್ದನ್ನೂ, ಬರಿಯ ಆಂಟಿಬಯಾಟಿಕ್ ಪಡೆದ ಹದಿಮೂವರಲ್ಲಿ ನಾಲ್ವರೇ ಗುಣಹೊಂದಿದ್ದನ್ನೂ ಇದರ ಪಕ್ಕದಲ್ಲಿಟ್ಟರೆ ಇಂಗಿತ ಸ್ಪಷ್ಟ. ಕಾಯುವುದು ಸಮೂಹ, ಹೆಕ್ಕಿ ತೆಗೆದ ಹತ್ತಾರು ಬಿಡಿ ತಳಿಗಳಲ್ಲ.

ಇಷ್ಟು ಹೇಳಿದ ಮೇಲೆ ನನ್ನ ಮುಖ್ಯ ಆಕ್ಷೇಪಣೆಗೆ ಬರುತ್ತೇನೆ. ಪ್ರೊಬಯಾಟಿಕ್ ಮಾತ್ರೆ ನಿಷ್ಫಲವಾಗಿದ್ದರೆ ಹಣ ಹೋದೀತು, ಅಷ್ಟೇ. ಅದು ಮಾಡಿರುವ ಅನರ್ಥ ಬೇರೆ: ಆಂಟಿಬಯಾಟಿಕ್‌ನ ಅವಿವೇಕಕ್ಕೆ ಅದು ಅಗ್ಗದ ಪ್ರಾಯಶ್ಚಿತ್ತವಾಗಿ ಒದಗಿಬಂದಿದೆ. ವೈರಸ್ಸಿನ ನೆಗಡಿಗೂ, ವೈರಸ್ಸಿನ ಭೇದಿಗೂ, ಎರಡು ದಿನ ಕಾದಿದ್ದರೆ ತಾನಾಗಿ ಇಳಿಯಬಹುದಾದ ಜ್ವರಕ್ಕೂ ಆಂಟಿಬಯಾಟಿಕ್ ಬರೆಯುವ ಕೈ, ಕೆಳಗೆ ಇನ್ನೊಂದು ಸಾಲು ಸೇರಿಸಿದರೆ ತನ್ನ ಋಣ ತೀರಿತೆಂದು ಭಾವಿಸುತ್ತದೆ. ರೋಗಿಯೂ ‘ಸಂಗಡ ಹೊಟ್ಟೆಗೂ ಕೊಟ್ಟಿದ್ದಾರೆ’ ಎಂದು ಸಮಾಧಾನಪಡುತ್ತಾನೆ. ಊರು ಸೂರೆಯಾದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆ ನಮ್ಮಲ್ಲಿದೆ. ಇಲ್ಲಿಯಾದರೋ ಸೂರೆಗಾರನನ್ನೂ ಕಾವಲುಗಾರನನ್ನೂ ಒಂದೇ ಬಂಡಿಯಲ್ಲಿ ಕೂರಿಸಿ ಕಳುಹಿಸುತ್ತಾರೆ. ಉತ್ಪ್ರೇಕ್ಷೆಯೆನ್ನುವವರು ಹತ್ತಿರದ ಔಷಧದಂಗಡಿಯಲ್ಲಿ ಕೆಲವು ಕ್ಯಾಪ್ಸೂಲುಗಳ ಪಟ್ಟಿಯನ್ನು ತಿರುಗಿಸಿ, ಹೊಳೆಯುವ ಹಾಳೆಯ ಮೇಲಿನ ಸಣ್ಣ ಅಕ್ಷರಗಳನ್ನು ಓದಲಿ: ಅಮಾಕ್ಸಿಸಿಲಿನ್, ಕ್ಲಾಕ್ಸಾಸಿಲಿನ್, ಅವುಗಳ ಕೆಳಗೆ ಲ್ಯಾಕ್ಟಿಕ್ ಆಸಿಡ್ ಬ್ಯಾಸಿಲಸ್; ಬ್ಯಾಕ್ಟೀರಿಯಾವನ್ನು ಕೊಲ್ಲುವ ಎರಡು ಮದ್ದುಗಳು, ಅವುಗಳ ಮಡಿಲಲ್ಲಿ ಜೀವಂತ ಬ್ಯಾಕ್ಟೀರಿಯಾ. ಬೀಜಾಣುವಿನ ರೂಪದಲ್ಲಿರುವುದರಿಂದ ಅದು ಸಾಯದೆಂದು ಸಮಜಾಯಿಷಿ ಹೇಳುತ್ತಾರೆ. ಮೊಳೆಯದ ಬೀಜಾಣು ಸಾಯದು, ದಿಟ. ಅದು ಕೆಲಸವನ್ನೂ ಮಾಡದು. ಕೆಲಸ ಮಾಡಬೇಕಾದರೆ ಮೊಳೆಯಬೇಕು, ಮೊಳೆತ ಕ್ಷಣವೇ ಅದು ಪಕ್ಕದ ಅಮಾಕ್ಸಿಸಿಲಿನ್‌ಗೆ ಗುರಿ. ಆಂಟಿಬಯಾಟಿಕ್‌ಗೂ ಪ್ರೊಬಯಾಟಿಕ್‌ಗೂ ನಡುವೆ ಎರಡು ಗಂಟೆಯಾದರೂ ಅಂತರವಿರಲೆಂದು ಉಪದೇಶಿಸುವ ವೈದ್ಯಶಾಸ್ತ್ರವೇ ಎರಡನ್ನೂ ಒಂದೇ ಕವಚದೊಳಗೆ ತುಂಬಿದ ಕ್ಯಾಪ್ಸೂಲನ್ನು ಸಹಿಸಿಕೊಂಡಿರುವುದು ನಮ್ಮ ಕಾಲದ ಸೋಜಿಗಗಳಲ್ಲೊಂದು.

ಮೊಸರು ಮಜ್ಜಿಗೆಗಳ ಮಾತೇನೆಂದು ಕೇಳಬಹುದು. ಗ್ರಹಣಿಗೆ ಮಜ್ಜಿಗೆಯನ್ನು ಚರಕ ಹೊಗಳಿದ್ದಾನೆ. ಮಲೆನಾಡಿನಿಂದ ಬಯಲುಸೀಮೆಯವರೆಗೆ ಮಜ್ಜಿಗೆಯಿಲ್ಲದ ಊಟ ನಮಗೆ ಊಟವೇ ಅಲ್ಲ. ಹಾಲನ್ನು ಅರಗಿಸಲಾರದವನೂ ಮೊಸರನ್ನು ಅರಗಿಸಬಲ್ಲನೆಂಬುದು ಪರೀಕ್ಷೆಗೆ ನಿಂತ ಸತ್ಯ. ಆದರೆ ಮನೆಯ ಮೊಸರಿನಲ್ಲಿ ಯಾವ ತಳಿ, ಎಷ್ಟು ಎಂಬುದು ಹೆಪ್ಪು ಕೊಟ್ಟ ನೆರೆಮನೆಯವರಿಗೂ ತಿಳಿಯದು. ಆದುದರಿಂದ ಅದು ಆಹಾರ, ಔಷಧವಲ್ಲ. ಆಹಾರವಾಗಿರುವುದೇನು ಸಣ್ಣ ಮಾತೇ? ಅದರ ಪಕ್ಕದ ರಾಗಿ, ಹುರುಳಿ, ಸೊಪ್ಪುಗಳ ನಾರು ಒಳಗಿನ ನಿವಾಸಿಗಳ ನಿತ್ಯದ ಅನ್ನವೆಂಬುದನ್ನೂ ನೆನೆಯಬೇಕು. ಕಾವಲುಗಾರರನ್ನು ಉಪವಾಸ ಕೆಡವಿ ಬೇರೆ ಕಾವಲುಗಾರರನ್ನು ಕೊಳ್ಳಲು ಅಂಗಡಿಗೆ ಓಡುವವರಿಗೆ ಯಾರೇನು ಹೇಳಿಯಾರು?

ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಜೈವಿಕ ತಂತ್ರಜ್ಞಾನ ಇಲಾಖೆಯೂ ಸೇರಿ 2011ರಲ್ಲಿಯೇ ಆಹಾರದ ಪ್ರೊಬಯಾಟಿಕ್‌ಗಳಿಗೆ ಮಾರ್ಗಸೂಚಿಯನ್ನು ಹೊರಡಿಸಿವೆ: ತಳಿಯ ಹೆಸರಿರಬೇಕು, ಮನುಷ್ಯರಲ್ಲಿ ಫಲ ಸಿದ್ಧವಾಗಿರಬೇಕು, ಬಳಕೆಯ ಅವಧಿ ಮುಗಿಯುವ ದಿನಕ್ಕೂ ಎಷ್ಟು ಜೀವಂತವಾಗಿರುವುವೆಂದು ಡಬ್ಬಿಯ ಮೇಲೆ ಬರೆಯಬೇಕು. ಇದನ್ನು ಔಷಧದಂಗಡಿಯ ಮಾತ್ರೆ ಸೀಸೆಗಳಿಗೂ ಕಟ್ಟುನಿಟ್ಟಾಗಿ ಅನ್ವಯಿಸಿ, ಆಂಟಿಬಯಾಟಿಕ್‌ನೊಡನೆ ಬ್ಯಾಸಿಲಸ್ ಬೆರೆಸಿದ ಕ್ಯಾಪ್ಸೂಲುಗಳನ್ನು ಮಾರುಕಟ್ಟೆಯಿಂದ ತೆಗೆದುಹಾಕುವುದು ಅಧಿಕಾರಿಗಳ ಕರ್ತವ್ಯ; ತಳಿಯ ಹೆಸರಿಲ್ಲದ ಮಾತ್ರೆಯನ್ನು ಬರೆಯುವುದಿಲ್ಲವೆಂದು ನಿಶ್ಚಯಿಸುವುದು ವೈದ್ಯರ ಕರ್ತವ್ಯ. ಓದುಗರಾದ ನೀವು ಮಾಡಬೇಕಾದುದು ಇನ್ನೂ ಸುಲಭ. ಚೀಟಿಯಲ್ಲಿ ಆಂಟಿಬಯಾಟಿಕ್ ಕಂಡಾಗ, ಸಂಗಡ ಪ್ರೊಬಯಾಟಿಕ್ ಇದೆಯೇ ಎಂದು ಕೇಳಬೇಡಿ. ಈ ಆಂಟಿಬಯಾಟಿಕ್ ಬೇಕೇ ಬೇಕೆ ಎಂದು ಕೇಳಿ. ಮನೆಯ ಮಗುವಿಗೆ ನೀರಿನಂಥ ಭೇದಿ ಹತ್ತಿದರೆ, 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ದಿಲೀಪ್ ಮಹಲಾನಬಿಸ್ ಕಾಲರಾದ ಬಾಯಿಂದ ಸಾವಿರಾರು ಜನರನ್ನು ಬಿಡಿಸಿದ ಉಪ್ಪುಸಕ್ಕರೆಯ ನೀರನ್ನೇ, ಇಂದಿನ ಓಆರ್‌ಎಸ್ ಪೊಟ್ಟಣವನ್ನೇ, ಕುದಿಸಿ ಆರಿಸಿದ ನೀರಿನಲ್ಲಿ ಕಲಸಿ ಗುಟುಕು ಗುಟುಕಾಗಿ ಕುಡಿಸಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಹತ್ತರಿಂದ ಹದಿನಾಲ್ಕು ದಿನ ಸತುವಿನ ಮಾತ್ರೆ ಕೊಡಿ. ಎದೆಹಾಲನ್ನಾಗಲಿ ಗಂಜಿಯನ್ನಾಗಲಿ ನಿಲ್ಲಿಸಬೇಡಿ. ಮಲದಲ್ಲಿ ರಕ್ತ ಕಂಡರೆ, ಮೂತ್ರ ನಿಂತರೆ, ಮಗು ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ. ಇವೆಲ್ಲ ಮುಗಿದ ಮೇಲೂ ಜೇಬಿನಲ್ಲಿ ಹಣ ಉಳಿದಿದ್ದರೆ ಆ ಪುಟ್ಟ ಸೀಸೆಯನ್ನು ಕೊಳ್ಳಬೇಕೆ ಬೇಡವೆ ಎಂಬುದನ್ನು ನಿಧಾನವಾಗಿ ಆಲೋಚಿಸಬಹುದು.